ಕಡಸಲಿನ ಹತ್ಯಾರುಗಳು

ಬಡಿಗನು ಮರವನ್ನು ನಿಲ್ಲಿಸಿ ಹತ್ಯಾರನ್ನು ನಡೆಯಿಸುತ್ತಾನೆ. ಕಡಸಲಿನವನು ಹತ್ಯಾರನ್ನು ನಿಲ್ಲಿಸಿ ಮರವನ್ನು ತಿರುಗಿಸುತ್ತಾನೆ. ಈ ಒಂದು ವ್ಯತ್ಯಾಸದಿಂದಲೇ ತೊಟ್ಟಿಲ ಕಾಲು, ಲಟ್ಟಣಿಗೆ, ಬುಗುರಿ, ಚದುರಂಗದ ಕಾಯಿ ಮೊದಲಾದ ದುಂಡು ವಸ್ತುಗಳೆಲ್ಲ ಹುಟ್ಟಿವೆ. ಸಣ್ಣ ಲೇಥೊಂದನ್ನು ಮನೆಯಲ್ಲಿಟ್ಟುಕೊಂಡು ಈ ಕೆಲಸವನ್ನು ಕಲಿಯಬೇಕೆಂಬ ಆಸೆ ವಿದ್ಯಾವಂತರಲ್ಲಿಯೂ ಕಾಣುತ್ತದೆ. ಆದರೆ ಲೇಥಿಗೆ ಹೇಗೋ ಹಣ ಹೊಂದಿಸಿದವರು ಉಳಿಗಳ ಬೆಲೆಯನ್ನು ಕೇಳಿ ಹಿಂಜರಿಯುವುದುಂಟು. ಅಲ್ಪವ್ಯಯದಲ್ಲಿ ಯಾವ ಹತ್ಯಾರುಗಳನ್ನು ಆರಿಸಬೇಕೆಂಬ ಈ ಪ್ರಶ್ನೆಗೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಉತ್ತರವಿದೆ.

ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯಂಥ ಗ್ರಾಮದಿಂದ ಹೊರಟವರಿಗೆ ಡಂಬಳವೂ ಲಕ್ಕುಂಡಿಯೂ ಬಹು ದೂರದ ಊರುಗಳಲ್ಲ. ಡಂಬಳದ ದೊಡ್ಡಬಸಪ್ಪ ದೇವಾಲಯವು 12ನೆಯ ಶತಮಾನದ್ದು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಜಿನಾಲಯವಿದೆ. ಅಲ್ಲಿಯ ಕಾಶೀವಿಶ್ವೇಶ್ವರ ದೇವಾಲಯದ ಕಂಬಗಳನ್ನು ನೋಡಿದವರು ಅವುಗಳ ನುಣುಪಿಗೂ, ಒಂದರ ಮೇಲೊಂದು ಏರಿದ ಬಳೆಗಳ ಹರಿತವಾದ ಅಂಚುಗಳಿಗೂ ಬೆರಗಾಗುತ್ತಾರೆ. ಇವು ಕಡಸಲು ಹಿಡಿದ ಕಂಬಗಳು. ಮರದ ಕೆಲಸದ ರೀತಿಯನ್ನೇ ಶಿಲ್ಪಿಗಳು ಕಲ್ಲಿಗೆ ಅನ್ವಯಿಸಿದರು.

ಇದು ಹೇಗೆ ಸಾಧ್ಯವಾಯಿತು? ಬಾದಾಮಿ, ಪಟ್ಟದಕಲ್ಲುಗಳ ಹಿಂದಿನ ಶಿಲ್ಪಿಗಳು ಮರಳುಗಲ್ಲನ್ನು ಕೊರೆದರು. ಮರಳುಗಲ್ಲಿನ ಹರಳುಗಳು ಉಳಿಯ ಬಾಯನ್ನು ಬೇಗನೆ ತಿನ್ನುತ್ತವೆ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳಾದರೋ ಬಳಪದ ಕಲ್ಲನ್ನು ಹಿಡಿದರು. ಗಣಿಯಿಂದ ತೆಗೆದಾಗ ಇದು ಮೆತ್ತಗಿರುತ್ತದೆ, ಗಾಳಿ ತಗುಲಿ ಕ್ರಮೇಣ ಗಟ್ಟಿಯಾಗುತ್ತದೆ. ಎಂದರೆ ಅವರು ಉಕ್ಕಿಗೆ ಒಗ್ಗುವ ಪದಾರ್ಥವನ್ನೇ ಆರಿಸಿಕೊಂಡರು. ಮಿತವ್ಯಯದ ಮೊದಲನೆಯ ಸೂತ್ರವಿದು.

ಮರದ ಕಡಸಲು ಇದಕ್ಕಿಂತ ಬಹಳ ಹಳೆಯದು. ಐಗುಪ್ತ ದೇಶದಲ್ಲಿ, ಕ್ರಿಸ್ತಪೂರ್ವ ಸುಮಾರು 300ರ ಪೆಟೋಸಿರಿಸನ ಸಮಾಧಿಯ ಗೋಡೆಯ ಮೇಲೆ, ಒಬ್ಬನು ಹಗ್ಗವನ್ನೆಳೆದು ತಿರುಗಿಸುವುದನ್ನೂ ಮತ್ತೊಬ್ಬನು ಉಳಿ ಹಿಡಿದಿರುವುದನ್ನೂ ಬಿಡಿಸಿದ್ದಾರೆ. ನಮ್ಮ ದೇಶದ ಬಿಲ್ಲಿನ ಕಡಸಲಿಗೆ ಇನ್ನೊಬ್ಬನ ಕೂಲಿಯೂ ಬೇಡ. ಕೆಲಸಗಾರನು ನೆಲದ ಮೇಲೆ ಕುಳಿತು ಒಂದು ಕೈಯಿಂದ ಬಿಲ್ಲನ್ನು ಎಳೆದು ಬಿಟ್ಟು ಮಾಡುತ್ತ, ಮತ್ತೊಂದು ಕೈಯಿಂದ ಹಿಡಿದ ಉಳಿಯನ್ನು ಕಾಲ್ಬೆರಳಿನಿಂದ ಅದುಮಿ ನಿಲ್ಲಿಸುತ್ತಾನೆ. ಮರವು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತಿರುಗುವುದರಿಂದ ಉಳಿಯು ಕಡಿಯುವುದು ಅರ್ಧ ಕಾಲ ಮಾತ್ರ. ಆದರೆ ಈ ನಿಧಾನದಲ್ಲಿ ಒಂದು ಲಾಭವಿದೆ: ಉಳಿಯ ಬಾಯಿ ಕಾಯುವುದಿಲ್ಲ. ಆದ್ದರಿಂದಲೇ ಕುಡುಗೋಲನ್ನು ಹಣಿಯುವ ಊರ ಕಮ್ಮಾರನ ಕುಲುಮೆಯಿಂದ ಬಂದ ಉಳಿ ಈ ಕೆಲಸಕ್ಕೆ ಧಾರಾಳವಾಗಿ ಸಾಕಾಗುತ್ತಿತ್ತು.

ಚನ್ನಪಟ್ಟಣದ ಬೊಂಬೆಗಳ ಕೀರ್ತಿಗೆ ಇದೇ ತಳಹದಿ. ಅಲ್ಲಿ ಪ್ರಸಿದ್ಧವಾದುದು ಹಾಲೆ ಮರ. ಬಿಳಿಯದು, ನುಣುಪಾದ ಎಳೆಯದು, ಉಳಿಗೆ ಸುಲಭವಾಗಿ ಒಲಿಯುವಂಥದು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಶಾಖಕ್ಕೆ ಅರಗು ಕರಗಿ ಹಬ್ಬುತ್ತದೆ. ಆಮೇಲೆ ತಾಳೆಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಹೊಳಪು ಕೊಡುವ ಹತ್ಯಾರು ಬೇಲಿಯ ಎಲೆಯಾಯಿತು! ಕಲಘಟಗಿಯ ಬಣ್ಣದ ತೊಟ್ಟಿಲುಗಳೂ ಕಡಸಲಿನ ಇಂಥ ಸಂಪ್ರದಾಯಕ್ಕೇ ಸೇರಿದವು.

ಪಶ್ಚಿಮ ದೇಶಗಳು ಬೇರೆ ದಾರಿಯನ್ನು ಹಿಡಿದವು. ಯಂತ್ರದ ವೇಗ ಹೆಚ್ಚಿತು. ವೇಗದೊಡನೆ ಶಾಖವೂ ಹೆಚ್ಚಿತು. ಸಾಮಾನ್ಯ ಉಕ್ಕಿನ ಬಾಯಿ ಸುಮಾರು 300 ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀಲಿಗಟ್ಟಿ ತನ್ನ ಹದವನ್ನು ಕಳೆದುಕೊಳ್ಳುತ್ತದೆ. ಅಮೆರಿಕದ ಟೇಲರ್ ಮತ್ತು ವೈಟ್ ಎಂಬವರು ಸಿದ್ಧಪಡಿಸಿ, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ ಹೈಸ್ಪೀಡ್ ಉಕ್ಕಾದರೋ ಸುಮಾರು 600 ಡಿಗ್ರಿಯವರೆಗೂ ಗಡಸಾಗಿ ನಿಲ್ಲುತ್ತದೆ. ನಮ್ಮಲ್ಲಿಯೂ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿಯಿತು. ಕಾಲಕ್ರಮದಲ್ಲಿ ಚನ್ನಪಟ್ಟಣದ ಕಡಸಲುಗಳಿಗೂ ವಿದ್ಯುತ್ ಮೋಟಾರು ಬಂದಿತು.

ಈ ಚರಿತ್ರೆಯಿಂದ ನಮಗೆ ದೊರೆಯುವ ವಿವೇಕವೆಂದರೆ, ಹತ್ಯಾರನ್ನು ಅಂಗಡಿಯ ಪಟ್ಟಿಯಿಂದಲ್ಲ, ಮರದಿಂದಲೂ ವೇಗದಿಂದಲೂ ನಿರ್ಣಯಿಸಬೇಕು. ಬುಗುರಿ, ಹಿಡಿ, ಕಾಯಿಗಳಂಥ ಸಣ್ಣ ಕೆಲಸಕ್ಕೆ ನಾಲ್ಕೇ ಹತ್ಯಾರು ಸಾಕು: ಚೌಕ ಮರವನ್ನು ದುಂಡಾಗಿಸಲು ಬಾಗಿದ ಬಾಯಿಯ ಉಳಿ, ನುಣುಪು ಮಾಡಲು ಓರೆಬಾಯಿಯ ಉಳಿ, ಬೇರ್ಪಡಿಸಲು ಕಿರಿದಾದ ಉಳಿ, ಒಳಗೆ ಹೆರೆಯಲು ದಪ್ಪನೆಯ ಉಳಿ. ಮೋಟಾರಿನ ಲೇಥಿದ್ದವರು, ಹೆಚ್ಚು ತಿಕ್ಕಾಟವನ್ನು ಸಹಿಸುವ ಮೊದಲನೆಯದನ್ನಾದರೂ ಹೈಸ್ಪೀಡ್ ಉಕ್ಕಿನದನ್ನು ಕೊಳ್ಳುವುದು ಲೇಸು. ಉಳಿದವುಗಳನ್ನು ಸಾಮಾನ್ಯ ಉಕ್ಕಿನಿಂದ ಮಾಡಿಸಬಹುದು. ಸಾಣೆ ಹಿಡಿಯುವಾಗ ಮೇಲಿಂದ ಮೇಲೆ ನೀರಿನಲ್ಲಿ ಅದ್ದುತ್ತಿದ್ದರಾಯಿತು. ಹಳೆಯ ಅರವನ್ನು ತಿದ್ದಿ ಉಳಿಮಾಡುವ ರೂಢಿಯಿದೆ. ಅರವು ಬಹು ಗಡಸು, ಆದ್ದರಿಂದಲೇ ಪೆಡಸು. ಹದ ಇಳಿಸದೆ ಬಳಸಿದರೆ ತಟ್ಟನೆ ಮುರಿದು ಮುಖಕ್ಕೆ ಸಿಡಿಯುವ ಅಪಾಯವಿದೆ. ಬಾಗಿದರೂ ಮುರಿಯದ ಲಾರಿಯ ಪಟ್ಟಿಯ ಉಕ್ಕು ಇದಕ್ಕಿಂತ ಮೇಲು.

ಐದನೆಯ ವೆಚ್ಚವೊಂದನ್ನು ಮಾತ್ರ ಕಡಿಮೆ ಮಾಡಲಾಗದು, ಅದು ಸಾಣೆಕಲ್ಲು. ಮೊಂಡಾದ ಬೆಲೆಯುಳ್ಳ ಉಳಿಗಿಂತ ಹರಿತವಾದ ಅಗ್ಗದ ಉಳಿಯೇ ಕೆಲಸಕ್ಕೆ ಒದಗುತ್ತದೆ. ಮೊಂಡು ಉಳಿಯನ್ನು ಒತ್ತಿದಷ್ಟೂ ಎಳೆ ಹರಿಯುತ್ತದೆ, ಮರ ಹಾರುತ್ತದೆ, ಕಲಿಯುವವನ ಉತ್ಸಾಹವೂ ಮುರಿಯುತ್ತದೆ.

ಬಿಲ್ಲು, ನಾಲ್ಕು ಉಳಿ, ಒಂದು ಎಲೆ ಇವುಗಳಿಂದ ಒಂದು ಊರಿನ ಹೆಸರು ಲೋಕಕ್ಕೆ ತಿಳಿಯುವಂತಾದುದನ್ನು ನಾವು ಕಂಡೆವು. ಬಡವನಿಗೆ ಈ ವಿದ್ಯೆಯ ಬಾಗಿಲು ಎಂದೂ ಮುಚ್ಚಿರಲಿಲ್ಲ. ಅದನ್ನು ಬೆಲೆಯ ಪಟ್ಟಿಯಿಂದ ಮುಚ್ಚದಿರುವುದು, ಕಮ್ಮಾರನಿಗೂ ಬಡಿಗನಿಗೂ ಕೆಲಸ ಕೊಟ್ಟು ಕಲಿಯುವುದು, ನಮ್ಮ ಕೈಯಲ್ಲಿಯೇ ಇದೆ.