ಬಿಡುಗಡೆಗೆ ಮುನ್ನಿನ ಪರೀಕ್ಷಕರು: ಕಲ್ಪಿತ ಯಂತ್ರಗಳ ಚರಿತ್ರೆಯ ಒಂದು ಅಂಶ

ಒಂದೇ ಗಣಕಯಂತ್ರದೊಳಗೆ ಅನೇಕ ಕಲ್ಪಿತ ಯಂತ್ರಗಳನ್ನು ಏಕಕಾಲದಲ್ಲಿ ನಡೆಸುವ ತಂತ್ರಾಂಶದ ಚರಿತ್ರೆಯನ್ನು ಹೇಳುವಾಗ ಅದರ ನಿರ್ಮಾಪಕರ ಹೆಸರುಗಳೇ ಮುಂದೆ ಬರುವುದು ಸಹಜ. ಆ ತಂತ್ರಾಂಶವಿನ್ನೂ ಅಪೂರ್ಣವಾಗಿರುವಾಗಲೇ, ಅದರಲ್ಲಿ ದೋಷಗಳಿರುವುವೆಂದು ಬಲ್ಲವರಾಗಿಯೂ, ತಮ್ಮ ಯಂತ್ರಗಳ ಮೇಲೆ ನಡೆಸಿ ನೋಡಿದವರು ಮರೆಗೆ ಸರಿಯುತ್ತಾರೆ. ಇಂದು ಬೀಟಾ ಪರೀಕ್ಷೆಯೆಂದು ಪ್ರಸಿದ್ಧವಾಗಿರುವ ಈ ಪದ್ಧತಿಯಲ್ಲಿ ಪರೀಕ್ಷಕನ ಸ್ಥಾನವು ಹೇಗೆ ಮಾರ್ಪಟ್ಟಿತೆಂಬುದನ್ನು ನಾವಿಲ್ಲಿ ವಿಚಾರಿಸುತ್ತೇವೆ.

ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಐ.ಬಿ.ಎಂ. ಸಂಸ್ಥೆಯು 1964ರಲ್ಲಿ ಒಂದು ವೈಜ್ಞಾನಿಕ ಕೇಂದ್ರವನ್ನು ತೆರೆಯಿತು. ಅಲ್ಲಿ ರಾಬರ್ಟ್ ಕ್ರೀಸಿ, ಲೆಸ್ ಕೊಮೊ ಮೊದಲಾದವರು ರಚಿಸಿದ ಸಿ.ಪಿ.-40 ಎಂಬ ನಿಯಂತ್ರಣ ವ್ಯವಸ್ಥೆಯು 1967ರ ಜನವರಿಯ ವೇಳೆಗೆ ಬಳಕೆಗೆ ಬಂದಿತು. ಅದು ಒಂದು ಯಂತ್ರವನ್ನು 14 ಕಲ್ಪಿತ ಯಂತ್ರಗಳಾಗಿ ತೋರಿಸಬಲ್ಲದಾಗಿತ್ತು. ಅದನ್ನೇ ಮಾದರಿ 67 ಎಂಬ ಯಂತ್ರಕ್ಕೆ ಹೊಂದಿಸಿ ಸಿ.ಪಿ.-67 ಎಂದು ಕರೆದರು. ಆದರೆ ಆ ಯಂತ್ರಕ್ಕೆಂದು ಸಂಸ್ಥೆಯು ಅಧಿಕೃತವಾಗಿ ಸಿದ್ಧಪಡಿಸುತ್ತಿದ್ದುದು ಟಿ.ಎಸ್.ಎಸ್. ಎಂಬ ಬೇರೊಂದು ವ್ಯವಸ್ಥೆ. ಅದು ದಿನೇ ದಿನೇ ತಡವಾಗುತ್ತಿದ್ದಿತು. ಹೀಗಿರಲಾಗಿ, ಮಾದರಿ 67ನ್ನು ಪಡೆದಿದ್ದ ಎಂ.ಐ.ಟಿ.ಯ ಲಿಂಕನ್ ಪ್ರಯೋಗಾಲಯದವರು 1967ರಲ್ಲಿ ಕೇಂಬ್ರಿಜ್ಜಿನವರ ಕೃತಿಯನ್ನು ಕಂಡು, ತಮಗೂ ಅದು ಬೇಕೆಂದು ಕೇಳಿ ಪಡೆದರು. ಅವರನ್ನು ಪರೀಕ್ಷೆಗೆ ಎಳೆದುದು ಕುತೂಹಲವಲ್ಲ, ಅಗತ್ಯ.

1968ರಲ್ಲಿ ಸಿ.ಪಿ.-67 ಇತರ ಸಂಸ್ಥೆಗಳಿಗೂ ದೊರೆಯಿತು. ಆದರೆ ಮೂರನೆಯ ದರ್ಜೆಯ ಕೃತಿಯಾಗಿ, ಎಂದರೆ ಯಾವ ಭರವಸೆಯೂ ಇಲ್ಲದೆ. ಈ ಕೊರತೆಯನ್ನು ತುಂಬಿದ ಅಂಶವೊಂದುಂಟು: ಕೃತಿಯೊಡನೆ ಅದರ ಮೂಲ ಆಕರವೂ ಪರೀಕ್ಷಕನ ಕೈಸೇರುತ್ತಿದ್ದಿತು. ದೋಷವನ್ನು ಕಂಡವನು ತಾನೇ ಅದನ್ನು ತಿದ್ದಬಹುದಾಗಿತ್ತು, ತಿದ್ದುಪಡಿಯನ್ನು ಇತರರಿಗೂ ಕಳುಹಿಸಬಹುದಾಗಿತ್ತು. ಇಂಥವನನ್ನು ಪರೀಕ್ಷಕನೆನ್ನುವುದಕ್ಕಿಂತ ಸಹನಿರ್ಮಾಪಕನೆನ್ನುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ.

1972ರ ಆಗಸ್ಟಿನಲ್ಲಿ ಪ್ರಕಟವಾದ ವಿ.ಎಂ./370ರಿಂದ ಈ ತಂತ್ರಾಂಶವು ಅಧಿಕೃತ ಸರಕಾಯಿತು. 1983ರಲ್ಲಾದರೋ, ಇನ್ನು ಮುಂದೆ ಮೂಲ ಆಕರವನ್ನು ಕೊಡದೆ ಯಂತ್ರಭಾಷೆಯ ರೂಪವನ್ನು ಮಾತ್ರ ಕೊಡಲಾಗುವುದೆಂಬ ನೀತಿಯನ್ನು ಐ.ಬಿ.ಎಂ. ಸಾರಿತು. ಬಳಕೆದಾರರು ಬಹುವಾಗಿ ಪ್ರತಿಭಟಿಸಿದರೂ ನೀತಿಯು ನಿಂತಿತು.

1998ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ವಿ.ಎಂ.ವೇರ್ ಸಂಸ್ಥೆಯ ಕಾಲಕ್ಕೆ ಮೂಲ ಆಕರವು ಮುಚ್ಚಿರುವುದೇ ವಾಡಿಕೆಯಾಗಿದ್ದಿತು. ಅದರ ವಿ-ಸ್ಪಿಯರ್ ತಂತ್ರಾಂಶದ ಪರೀಕ್ಷೆಗೆ ಮೊದಲು ಆಹ್ವಾನಿತರಿಗಷ್ಟೇ ಪ್ರವೇಶವಿತ್ತು. 2014ರ ಜೂನ್ ತಿಂಗಳ ಕೊನೆಯಲ್ಲಿ ಅದನ್ನು ಎಲ್ಲರಿಗೂ ತೆರೆದರು. ಸೇರುವವನು ಕರಾರಿಗೆ ಒಪ್ಪಿಗೆಯಿತ್ತು, ಗೋಪ್ಯತೆಗೆ ಬದ್ಧನಾಗಬೇಕಾಗಿದ್ದಿತು. ಬಾಗಿಲು ತೆರೆಯಿತು, ಬಾಯಿ ಮುಚ್ಚಿತು ಎನ್ನಬಹುದೇನೋ.

ಇಂಥ ಪರೀಕ್ಷೆಗಳಲ್ಲಿ ಇನ್ನೊಂದು ತೊಡಕೂ ಉಂಟು. ಸಾಮಾನ್ಯ ತಂತ್ರಾಂಶವು ಕೆಟ್ಟರೆ ಒಂದು ಕೆಲಸ ನಿಲ್ಲುತ್ತದೆ. ತಳದಲ್ಲಿರುವ ಈ ತಂತ್ರಾಂಶವು ಕೆಟ್ಟರೆ ಅದರ ಮೇಲಿನ ಕಲ್ಪಿತ ಯಂತ್ರಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ. ಆದಕಾರಣ ವಿವೇಕಿಯಾದವನು ತನ್ನ ನಿತ್ಯದ ವ್ಯವಹಾರವನ್ನು ಅದಕ್ಕೆ ಒಪ್ಪಿಸಲಾರ. ಆದರೆ ನಿತ್ಯವ್ಯವಹಾರದ ಹೊರೆಯಿಲ್ಲದೆ ದೋಷಗಳು ಪೂರ್ಣವಾಗಿ ಹೊರಬೀಳುವುದೂ ಇಲ್ಲ. ಲಿಂಕನ್ ಪ್ರಯೋಗಾಲಯವು ಈ ಹೊರೆಯನ್ನು ತಾನಾಗಿ ಹೊತ್ತಿತು. ಇಂದಿನ ಪರೀಕ್ಷಕನು ಸಾಮಾನ್ಯವಾಗಿ ಬೇರೆಯಾಗಿ ತೆಗೆದಿರಿಸಿದ ಯಂತ್ರದ ಮೇಲೆ ನಡೆಸಿ ನೋಡಿ ವರದಿ ಕಳುಹಿಸುತ್ತಾನೆ.

ಚರಿತ್ರಕಾರನಿಗೂ ಇದರಿಂದ ನಷ್ಟವುಂಟು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮೆಲಿಂಡಾ ವೇರಿಯನ್ ಅವರು ವಿ.ಎಂ. ಬಳಗದ ಇತಿಹಾಸವನ್ನು ಬರೆಯಲು ಸಾಧ್ಯವಾದುದು, ಅದರಲ್ಲಿ ಪಾಲ್ಗೊಂಡವರು ತಮ್ಮ ನೆನಪುಗಳನ್ನು ಮುಕ್ತವಾಗಿ ಹೇಳಿದುದರಿಂದ. ಗೋಪ್ಯತೆಯ ಕರಾರಿನಡಿ ನಡೆದ ಪರೀಕ್ಷೆಗಳ ವರದಿಗಳಾದರೋ ನಿರ್ಮಾಪಕ ಸಂಸ್ಥೆಯ ಸ್ವತ್ತಾಗಿ ಒಳಗೇ ಉಳಿಯುತ್ತವೆ. ವಿ.ಎಂ.ವೇರ್ ಸಂಸ್ಥೆಯೇ 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಸಂಸ್ಥೆಯ ವಶವಾಯಿತು.