ವಿದ್ಯುತ್ ಏಕಚಕ್ರ ವಾಹನ

ನಿಂತುಕೊಂಡು ಸವಾರಿ ಮಾಡುವ, ಒಂದೇ ಗಾಲಿಯ, ಬ್ಯಾಟರಿಚಾಲಿತ ವಾಹನ. ಗಾಲಿಯ ಎರಡೂ ಮಗ್ಗುಲಿಗೆ ಮಡಚಬಹುದಾದ ಪಾದಪಟ್ಟಿಗಳು, ಗಾಲಿಯನ್ನು ಸುತ್ತಿರುವ ಕವಚದೊಳಗೆ ಬ್ಯಾಟರಿ ಮತ್ತು ನಿಯಂತ್ರಕ ಫಲಕ, ಗಾಲಿಯ ನಡುಮಧ್ಯದಲ್ಲೇ ಮೋಟರ್. ಹ್ಯಾಂಡಲ್ ಇಲ್ಲ, ಆಕ್ಸಿಲರೇಟರ್ ಇಲ್ಲ, ಬ್ರೇಕ್ ಹಿಡಿಕೆಯೂ ಇಲ್ಲ. ಮುಂದಕ್ಕೆ ವಾಲಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಧಾನಿಸಿ ನಿಲ್ಲುತ್ತದೆ. ಸವಾರರು ಇದನ್ನು ಇಯುಸಿ ಎಂದೋ ಬರೀ ವೀಲ್ ಎಂದೋ ಕರೆಯುತ್ತಾರೆ. ಈ ಲೇಖನ ಅದರ ತಂತ್ರ, ಗುಣಮಟ್ಟ ಮತ್ತು ಸವಾರರ ಬಳಗ ಕಟ್ಟಿಕೊಂಡಿರುವ ತಿಳಿವಳಿಕೆಯನ್ನು ಕುರಿತದ್ದು. ಜೊತೆಗೆ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಬಿಸಿಲು, ಮಣ್ಣು, ರಸ್ತೆಗಳಿಗೆ ಇಂಥ ಯಂತ್ರ ಎಷ್ಟು ಒಗ್ಗೀತು ಎಂಬುದನ್ನೂ ನೋಡುತ್ತದೆ.

ಕೆಲಸ ಮಾಡುವ ಬಗೆ

ಅಂಗೈ ಮೇಲೆ ಉದ್ದನೆಯ ಕೋಲನ್ನು ನೆಟ್ಟಗೆ ನಿಲ್ಲಿಸುವವರು ಕೋಲು ವಾಲಿದ ಕಡೆಗೆ ಕೈಯನ್ನು ಒಯ್ಯುತ್ತಾರಲ್ಲ, ಮೋಟರ್ ಮಾಡುವುದೂ ಅದನ್ನೇ. ಫಲಕದಲ್ಲಿರುವ ಗೈರೊಸ್ಕೋಪ್ ಮತ್ತು ವೇಗೋತ್ಕರ್ಷ ಮಾಪಕ ವಾಹನದ ಓರೆಯನ್ನು ಸೆಕೆಂಡಿಗೆ ನೂರಾರು ಸಲ ಅಳೆಯುತ್ತವೆ. ಸವಾರ ಮುಂದಕ್ಕೆ ವಾಲಿದ ಕೂಡಲೇ ಗಾಲಿ ಅವನ ಅಡಿಗೆ ಬರುವಷ್ಟು ಮುಂದಕ್ಕೆ ಉರುಳುತ್ತದೆ. ಯಂತ್ರ ಕಾಯುವುದು ಹಿಂದುಮುಂದಿನ ಸಮತೋಲವನ್ನು ಮಾತ್ರ. ಎಡಬಲದ ಸಮತೋಲ ಸವಾರನದೇ, ಸೈಕಲ್ಲಿನಂತೆ ಅದು ವೇಗದೊಂದಿಗೆ ಸುಲಭವಾಗುತ್ತದೆ. ಕಲಿಯುವವರಿಗೆ ಮೊದಲ ಕೆಲವು ಗಂಟೆ ಅಸಾಧ್ಯ ಅನ್ನಿಸಿ ಆಮೇಲೆ ಇದ್ದಕ್ಕಿದ್ದಂತೆ ಒಲಿಯುವುದು ಇದೇ ಕಾರಣಕ್ಕೆ.

ಈ ರಚನೆಯಿಂದ ಹೊರಡುವ ಮುಖ್ಯ ಮಾತೊಂದಿದೆ. ಸ್ಕೂಟರಿನ ಮೋಟರ್ ಕೈಕೊಟ್ಟರೆ ಸ್ಕೂಟರ್ ನಿಲ್ಲುತ್ತದೆ, ಏಕಚಕ್ರದ ಮೋಟರ್ ಕೈಕೊಟ್ಟರೆ ಸವಾರ ಮುಗ್ಗರಿಸಿ ಬೀಳುತ್ತಾನೆ. ಇಲ್ಲಿ ಮೋಟರ್ ಓಡಿಸುವುದಷ್ಟೇ ಅಲ್ಲ, ಸವಾರನನ್ನು ಎತ್ತಿಹಿಡಿದೂ ಇರುತ್ತದೆ. ಆದ್ದರಿಂದ ಗುಣಮಟ್ಟದ ಮೊದಲ ಅಳತೆ ಗರಿಷ್ಠ ವೇಗವಲ್ಲ, ಆ ವೇಗದಲ್ಲೂ ಮೋಟರಿನಲ್ಲಿ ಉಳಿದಿರುವ ಕಸುವು.

ಕಸುವು ಎಲ್ಲಿ ಮುಗಿಯುತ್ತದೆ

ಮೋಟರ್ ತಿರುಗಿದಷ್ಟೂ ಬ್ಯಾಟರಿಗೆ ಎದುರಾಗಿ ತನ್ನದೇ ವೋಲ್ಟೇಜನ್ನು ಹುಟ್ಟಿಸುತ್ತದೆ. ವೇಗ ಏರುತ್ತ ಈ ಎದುರು ವೋಲ್ಟೇಜ್ ಬ್ಯಾಟರಿಯ ವೋಲ್ಟೇಜನ್ನು ಸಮೀಪಿಸಿದಾಗ ಗಾಲಿಯನ್ನು ಇನ್ನಷ್ಟು ನೂಕುವ ಬಲ ಸೊನ್ನೆಯ ಕಡೆಗೆ ಇಳಿಯುತ್ತದೆ. ಅಲ್ಲಿಗೆ ಸವಾರ ಇನ್ನೂ ಒಂದಿಷ್ಟು ವಾಲಿದರೆ ಅವನನ್ನು ಹಿಡಿಯಲು ಮೋಟರಿನಲ್ಲಿ ಏನೂ ಉಳಿದಿರುವುದಿಲ್ಲ. ಸವಾರರು ಇದನ್ನು ಕಟ್‌ಔಟ್ ಎನ್ನುತ್ತಾರೆ. ಎದುರು ಗಾಳಿ, ಏರು, ರಸ್ತೆಯ ಕುಣಿ ಮತ್ತು ಭಾರದ ಸವಾರ ಈ ಗಡಿಯನ್ನು ಹತ್ತಿರಕ್ಕೆ ತರುತ್ತವೆ. ಬ್ಯಾಟರಿ ಇಳಿದಷ್ಟೂ ವೋಲ್ಟೇಜ್ ಇಳಿಯುವುದರಿಂದ, ತುಂಬಿದ ಬ್ಯಾಟರಿಯಲ್ಲಿ ನಿರಾತಂಕವಾಗಿದ್ದ ವೇಗ ಕಾಲುಭಾಗ ಉಳಿದಾಗ ಅಪಾಯದ ವೇಗವಾಗುತ್ತದೆ.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ಘನಕ್ಕೆ ತಕ್ಕಂತೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಮತಟ್ಟು ರಸ್ತೆಗೆ ಕೆಲವು ನೂರು ವ್ಯಾಟ್ ಸಾಕು. 60 ಕಿ.ಮೀ.ಗೆ ಏರಿದರೆ ಗಾಳಿಯೊಂದಕ್ಕೇ ಎಂಟು ಪಟ್ಟು ಶಕ್ತಿ ಬೇಕು. ತಯಾರಕರು ಹೆಚ್ಚೆಚ್ಚು ವೋಲ್ಟೇಜಿನ ಕಡೆಗೆ ಹೋದದ್ದು ಇದಕ್ಕೇ. ಒಂದು ಲಿಥಿಯಂ-ಅಯಾನ್ ಕೋಶ ತುಂಬಿದಾಗ 4.2 ವೋಲ್ಟ್. ಸಾಲಾಗಿ 16 ಕೋಶ ಜೋಡಿಸಿದ ಹಳೆಯ ಮಾದರಿಗಳಲ್ಲಿ 67.2 ವೋಲ್ಟ್ ಇದ್ದರೆ, 20 ಕೋಶದವುಗಳಲ್ಲಿ 84, 24 ಕೋಶದವುಗಳಲ್ಲಿ 100.8, 32 ಕೋಶದವುಗಳಲ್ಲಿ 134.4 ವೋಲ್ಟ್. ವೋಲ್ಟೇಜ್ ಹೆಚ್ಚಿದಾಗ ಅಷ್ಟೇ ಶಕ್ತಿಗೆ ಕಡಿಮೆ ವಿದ್ಯುತ್ ಪ್ರವಾಹ ಸಾಕು. ತಂತಿಗಳು ಮತ್ತು ನಿಯಂತ್ರಕ ಫಲಕದ ಮಾಸ್‌ಫೆಟ್ ಸ್ವಿಚ್ಚುಗಳು ಅಷ್ಟು ಕಡಿಮೆ ಕಾಯುತ್ತವೆ. ಆದರೆ ಕವಚ ಬಿಚ್ಚಿ ರಿಪೇರಿಗೆ ಕೈಹಾಕುವವರಿಗೆ ನೂರು ವೋಲ್ಟ್ ದಾಟಿದ ನೇರ ವಿದ್ಯುತ್ತು ಪ್ರಾಣಾಪಾಯದ ವಸ್ತು.

ಗಡಿ ಹತ್ತಿರವಾದಾಗ ಎಚ್ಚರಿಸುವುದು ತಯಾರಕನ ಹೊಣೆ. ಒಳ್ಳೆಯ ಯಂತ್ರ ಮೊದಲು ಬೀಪ್ ಎನ್ನುತ್ತದೆ, ಆಮೇಲೆ ಪಾದಪಟ್ಟಿಯನ್ನು ಹಿಂದಕ್ಕೆ ಓರೆ ಮಾಡಿ ಸವಾರನನ್ನು ತಡೆಯುತ್ತದೆ. ಈ ಎಚ್ಚರಿಕೆ ಬರೀ ವೇಗದ ಅಂಕಿಗೆ ಕಟ್ಟುಬಿದ್ದಿದ್ದರೆ ಸಾಲದು. ಮೋಟರಿನ ಸಾಮರ್ಥ್ಯದಲ್ಲಿ ಈ ಕ್ಷಣ ಎಷ್ಟು ಪಾಲು ಖರ್ಚಾಗುತ್ತಿದೆ ಎಂಬ ಲೆಕ್ಕಕ್ಕೆ ಅದು ಕಟ್ಟುಬಿದ್ದಿರಬೇಕು.

ಬ್ಯಾಟರಿ ಮತ್ತು ಜೋಡಣೆ

ಕೊಳ್ಳುವವರು ವೇಗದ ಅಂಕಿಯನ್ನು ನೋಡುತ್ತಾರೆ. ಬಲ್ಲವರು ಬ್ಯಾಟರಿಯನ್ನು ಕೇಳುತ್ತಾರೆ. ಒಳಗಿನ ಕೋಶ ಯಾವ ಕಂಪನಿಯದು, 18650 ಅಳತೆಯದೋ 21700ರದೋ, ಕೋಶಗಳ ನಡುವೆ ಅಂತರವಿದೆಯೋ ಇಲ್ಲವೋ, ನೀರು ಒಳಹೊಗದಂತೆ ಮುಚ್ಚಿದ್ದಾರೆಯೇ, ಪ್ರತಿಯೊಂದು ಕೋಶಗುಂಪಿನ ವೋಲ್ಟೇಜನ್ನು ಸವಾರನಿಗೆ ತೋರಿಸುವ ನಿಗಾ ಫಲಕ ಇದೆಯೇ. ಈ ನಿಗಾ ಇಲ್ಲದ ಪ್ಯಾಕ್‌ನಲ್ಲಿ ಒಂದು ಗುಂಪು ಮೆಲ್ಲಗೆ ಸೊರಗುತ್ತಿದ್ದರೂ ಮೇಲೆ ಒಟ್ಟು ವೋಲ್ಟೇಜ್ ಸರಿಯಾಗಿಯೇ ಕಾಣುತ್ತದೆ. ನಿಂತಲ್ಲೇ ಹೊತ್ತಿ ಉರಿಯುವ ಅವಘಡಗಳ ಹಿಂದೆ ಇಂಥ ಸೊರಗಿದ ಗುಂಪು, ಒಳಗೆ ಸೇರಿದ ತೇವ ಇಲ್ಲವೇ ಪೆಟ್ಟು ತಿಂದ ಕೋಶ ಇರುವುದು ಸಾಮಾನ್ಯ.

ಸಮತೋಲ ಹಲಗೆಗಳು, ಅಂದರೆ ಹೋವರ್‌ಬೋರ್ಡ್‌ಗಳು, ಹೊತ್ತಿಕೊಂಡ ಪ್ರಕರಣಗಳ ನಂತರ 2016ರ ಜುಲೈಯಲ್ಲಿ ಅಮೆರಿಕದಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಹಲಗೆಗಳನ್ನು ವಾಪಸು ಪಡೆಯಲಾಯಿತು. ಯುಎಲ್ 2272 ಎಂಬ ಸುರಕ್ಷತಾ ಮಾನದಂಡ ಬಂದದ್ದು ಅದೇ ವರ್ಷ. ಭಾರತದಲ್ಲಿ 2022ರ ಬೇಸಿಗೆಯಲ್ಲಿ ವಿದ್ಯುತ್ ಸ್ಕೂಟರ್‌ಗಳು ಹೊತ್ತಿ ಉರಿದ ಮೇಲೆ ಬ್ಯಾಟರಿ ಪರೀಕ್ಷೆಯ ಎಐಎಸ್-156 ನಿಯಮವನ್ನು ಬಿಗಿಗೊಳಿಸಿ, ಆ ವರ್ಷದ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತದಲ್ಲಿ ಜಾರಿಗೆ ತರಲಾಯಿತು. ಹೊರದೇಶದಿಂದ ಒಬ್ಬೊಬ್ಬರೇ ತರಿಸಿಕೊಳ್ಳುವ ಏಕಚಕ್ರ ಈ ಪರೀಕ್ಷೆಗೆ ಒಳಪಟ್ಟಿರುವುದಿಲ್ಲ ಎಂಬುದು ಕೊಳ್ಳುವವರು ಮರೆಯಬಾರದ ಸಂಗತಿ.

ಚರಿತ್ರೆ

ಮೋಟರ್ ಕೂರಿಸಿದ, ತಾನೇ ಸಮತೋಲ ಕಾಯುವ ಒಂದು ಗಾಲಿಯನ್ನು ಅಮೆರಿಕದ ಟ್ರೆವರ್ ಬ್ಲ್ಯಾಕ್‌ವೆಲ್ 2004ರಲ್ಲಿ ಓಡಿಸಿ ತೋರಿಸಿದ್ದರು. ಇಂದಿನ ರೂಪ ಕೊಟ್ಟವರು ವಾಷಿಂಗ್ಟನ್ ರಾಜ್ಯದ ಶೇನ್ ಚೆನ್. ಪಾದಪಟ್ಟಿಗಳ ನಡುವೆ ಗಾಲಿಯಿರುವ ಅವರ ಸೋಲೊವೀಲ್ 2011ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ಆಮೇಲೆ ಉದ್ಯಮ ಚೀನಾಕ್ಕೆ ಸರಿಯಿತು. ನೈನ್‌ಬಾಟ್, ಕಿಂಗ್‌ಸಾಂಗ್, ಇನ್‌ಮೋಷನ್, ಮುಂದೆ ಬಿಗೋಡ್ ಎಂದು ಹೆಸರು ಬದಲಿಸಿಕೊಂಡ ಗಾಟ್‌ವೇ, ವೆಟರನ್ ಮಾದರಿಗಳ ಲೀಪರ್‌ಕಿಮ್ ಇವೆಲ್ಲ ಅಲ್ಲಿಯವೇ. 2020 ತಿರುವಿನ ವರ್ಷ. ಇನ್‌ಮೋಷನ್ ವಿ11 ಮತ್ತು ಕಿಂಗ್‌ಸಾಂಗ್ ಎಸ್18 ಶಾಕ್ ಅಬ್ಸಾರ್ಬರ್ ತಂದವು. ವೆಟರನ್ ಶರ್ಮನ್ 3,200 ವ್ಯಾಟ್-ಗಂಟೆಯ ಬ್ಯಾಟರಿ ಹೊತ್ತು ಸುಮಾರು 35 ಕಿಲೊ ತೂಗಿತು.

ಸವಾರರ ಬಳಗ

ಈ ವಾಹನದ ಸುರಕ್ಷತಾ ಜ್ಞಾನದಲ್ಲಿ ದೊಡ್ಡ ಪಾಲು ತಯಾರಕರ ಕೈಪಿಡಿಯಿಂದ ಬಂದದ್ದಲ್ಲ, ಬಿದ್ದವರಿಂದ ಬಂದದ್ದು. ಗಾಲಿಯನ್ನು ನೆಲದಿಂದ ಎತ್ತಿ ಹಿಡಿದು, ಹೊರೆಯಿಲ್ಲದೆ ಎಷ್ಟು ವೇಗಕ್ಕೆ ತಿರುಗಿ ಕೈಬಿಡುತ್ತದೆ ಎಂದು ನೋಡುವ ಪರೀಕ್ಷೆ, ಆ ವೇಗದ ಮುಕ್ಕಾಲಿನ ಒಳಗೇ ಓಡಿಸಬೇಕೆಂಬ ನಿಯಮ, ಅಳುಕಿಲ್ಲದೆ ಯಂತ್ರ ಬಿಚ್ಚಿ ಒಳಗಿನ ಬೆಸುಗೆಯನ್ನು ಎಲ್ಲರಿಗೂ ತೋರಿಸುವ ರೂಢಿ, ಇವೆಲ್ಲ ಸವಾರರೇ ಬೆಳೆಸಿದ್ದು. ವೀಲ್‌ಲಾಗ್, ಇಯುಸಿ ವರ್ಲ್ಡ್, ಡಾರ್ಕ್‌ನೆಸ್‌ಬಾಟ್ ಎಂಬ ಮೊಬೈಲ್ ಆ್ಯಪ್‌ಗಳು ಬ್ಲೂಟೂತ್ ಮೂಲಕ ವೋಲ್ಟೇಜ್, ವಿದ್ಯುತ್ ಪ್ರವಾಹ, ತಾಪಮಾನ, ಮೋಟರಿನ ಮೇಲಿನ ಹೊರೆಗಳನ್ನು ದಾಖಲಿಸುತ್ತವೆ. ಯಾರಾದರೂ ಬಿದ್ದಾಗ ತಪ್ಪು ಸವಾರನದೋ ಯಂತ್ರದ್ದೋ ಎಂಬ ವಾದ ಊಹೆಯಲ್ಲಿ ನಿಲ್ಲದೆ ದಾಖಲೆಯ ಮೇಲೆ ನಡೆಯುವುದು ಇವುಗಳಿಂದ ಸಾಧ್ಯವಾಯಿತು. ಕೋಶಗುಂಪಿನ ನಿಗಾ ಫಲಕ, ಗಟ್ಟಿ ಬೇರಿಂಗ್, ನೀರುತಡೆ ಕೇಳಿ ಕೇಳಿ ಪಡೆದವರೂ ಅವರೇ. ಕೊಳ್ಳುವವರೇ ಪರೀಕ್ಷಕರಾಗಬೇಕಾಗಿ ಬಂದದ್ದು ಉದ್ಯಮಕ್ಕೆ ಹೆಮ್ಮೆಯ ಮಾತಲ್ಲ. ಆದರೂ ಆ ಬಳಗ ತೋರಿದ ಪ್ರಾಮಾಣಿಕತೆ ದೊಡ್ಡದು.

ಮುಖ ಮುಚ್ಚುವ ಹೆಲ್ಮೆಟ್, ಮಣಿಕಟ್ಟಿನ ಪಟ್ಟಿ, ಮೊಣಕಾಲಿನ ಕಾಪು ಇಲ್ಲದೆ ಯಾರೂ ಇದನ್ನು ಏರಬಾರದು. ಬೀಳುವಾಗ ಮೊದಲು ನೆಲಕ್ಕೆ ಊರುವುದು ಅಂಗೈ.

ಕಾನೂನು

ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಅರ್ಧ ಗಂಟೆಯ ಸತತ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಮತ್ತು ಗರಿಷ್ಠ ವೇಗ 25 ಕಿ.ಮೀ.ಗಿಂತ ಕಡಿಮೆ ಇರುವ, ತೂಕ ಮತ್ತು ಬ್ರೇಕಿನ ಷರತ್ತುಗಳನ್ನೂ ಪೂರೈಸುವ ಬ್ಯಾಟರಿ ದ್ವಿಚಕ್ರವನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಸಾವಿರಾರು ವ್ಯಾಟ್‌ನ ಏಕಚಕ್ರ ಆ ಮಿತಿಯ ಹೊರಗೆ. ಅದನ್ನು ನೋಂದಾಯಿಸೋಣವೆಂದರೆ ಒಂದೇ ಗಾಲಿಯ ವಾಹನಕ್ಕೆ ತಕ್ಕ ವರ್ಗವೂ ಇಲ್ಲ. ಹೀಗಾಗಿ ಸಾರ್ವಜನಿಕ ರಸ್ತೆಯಲ್ಲಿ ವಿಮೆ ಮತ್ತು ನೋಂದಣಿಯ ರಕ್ಷಣೆ ಸವಾರನಿಗೂ ಇಲ್ಲ, ಅವನಿಂದ ಪೆಟ್ಟು ತಿಂದವರಿಗೂ ಇಲ್ಲ. ಫ್ರಾನ್ಸ್ 2019ರಲ್ಲಿ ಇಂಥ ವಾಹನಗಳಿಗೆ 25 ಕಿ.ಮೀ. ಮಿತಿಯ ನಿಯಮ ಮಾಡಿ ಜಾಗ ಕೊಟ್ಟಿತು. ಅದೇ ವರ್ಷದ ಜರ್ಮನಿಯ ನಿಯಮ ಹಿಡಿಕೋಲು ಇರಲೇಬೇಕೆಂದು ಹೇಳಿ ಏಕಚಕ್ರವನ್ನು ಹೊರಗಿಟ್ಟಿತು. ವಿದ್ಯುತ್ ವಾಹನಗಳಿಗೆಂದೇ 2017ರಲ್ಲಿ, ದೇಶದಲ್ಲೇ ಮೊದಲಿಗೆ, ನೀತಿ ರೂಪಿಸಿದ ರಾಜ್ಯ ಕರ್ನಾಟಕ. ಫ್ರಾನ್ಸಿನಂಥ ಸ್ಪಷ್ಟ ಮಿತಿಯೊಂದನ್ನು ಇಲ್ಲಿ ಚರ್ಚೆಗೆ ತರುವುದು ಯೋಗ್ಯ.

ಸಿಂಧನೂರು, ಮಸ್ಕಿ, ಲಿಂಗಸುಗೂರು

ಮೂರೂ ಊರುಗಳು ಜೇವರ್ಗಿಯಿಂದ ಬಳ್ಳಾರಿ, ಮೈಸೂರು ಹಾದು ಚಾಮರಾಜನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲಿವೆ. ಸಿಂಧನೂರಿನಿಂದ ಮಸ್ಕಿಗೆ ಸುಮಾರು 25 ಕಿ.ಮೀ., ಅಲ್ಲಿಂದ ಲಿಂಗಸುಗೂರಿಗೆ ಸುಮಾರು 30 ಕಿ.ಮೀ. ನಿಧಾನವಾಗಿ ಹೋದರೆ ಏಕಚಕ್ರಕ್ಕೆ ಕಿಲೊಮೀಟರಿಗೆ 15ರಿಂದ 20 ವ್ಯಾಟ್-ಗಂಟೆ ಸಾಕು. ಆ ಲೆಕ್ಕದಲ್ಲಿ ಒಂದೂವರೆ ಯೂನಿಟ್‌ನ ಬ್ಯಾಟರಿ ಸಿಂಧನೂರಿನಿಂದ ಲಿಂಗಸುಗೂರು ಮುಟ್ಟಿಸುತ್ತದೆ. ಆದರೆ ದೂರ ಇಲ್ಲಿಯ ಕಷ್ಟವಲ್ಲ. ಭತ್ತ ಹೇರಿದ ಲಾರಿಗಳು, ಬಸ್ಸುಗಳು ಓಡುವ ಹೆದ್ದಾರಿಯಲ್ಲಿ 30 ಕಿ.ಮೀ. ವೇಗದ, ಕನ್ನಡಿಯಿಲ್ಲದ ವಾಹನಕ್ಕೆ ಜಾಗವಿಲ್ಲ. ಅದರ ಸಹಜ ಹರವು ಊರೊಳಗಿನ ಎರಡು ಮೂರು ಕಿಲೊಮೀಟರು: ಮನೆಯಿಂದ ಬಸ್ ನಿಲ್ದಾಣ, ಕಾಲೇಜು, ಅಂಗಡಿ.

ದೊಡ್ಡ ಪರೀಕ್ಷೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯಲ್ಲಿ 40 ಡಿಗ್ರಿ ದಾಟುವುದು ವಾಡಿಕೆ. ಲಿಥಿಯಂ-ಅಯಾನ್ ಕೋಶಗಳನ್ನು ಚಾರ್ಜ್ ಮಾಡಲು ತಯಾರಕರು ಸಾಮಾನ್ಯವಾಗಿ ಹಾಕುವ ಮೇಲಿನ ಗಡಿ 45 ಡಿಗ್ರಿ. ಮಧ್ಯಾಹ್ನ ಓಡಿ ಬಂದ ಯಂತ್ರದ ಒಳಗಿನ ಕಾವು ಹೊರಗಿನ ಗಾಳಿಗಿಂತ ಹೆಚ್ಚಿರುತ್ತದೆ. ಬಂದ ಕೂಡಲೇ ತಗಡಿನ ಶೆಡ್ಡಿನಲ್ಲಿ ಪ್ಲಗ್ ಸಿಕ್ಕಿಸಿದರೆ ಆ ಗಡಿ ಆಗಲೇ ದಾಟಿರಬಹುದು. ನೆರಳಲ್ಲಿ ಬಿಟ್ಟು, ತಣಿದ ಮೇಲೆ, ಎದ್ದಿರುವ ಹೊತ್ತಿನಲ್ಲಿ ಚಾರ್ಜ್ ಮಾಡುವುದೊಂದೇ ಸರಿಯಾದ ಕ್ರಮ. 3,200 ವ್ಯಾಟ್-ಗಂಟೆಯ ಪ್ಯಾಕನ್ನು 5 ಆಂಪಿಯರ್ ಚಾರ್ಜರಿನಿಂದ ತುಂಬಲು ಏಳೆಂಟು ಗಂಟೆ ಹಿಡಿಯುವುದರಿಂದ ಜನ ರಾತ್ರಿ ಹಾಕಿ ಮಲಗುತ್ತಾರೆ, ಅಪಾಯವೂ ಅಲ್ಲೇ ಇದೆ.

ಮಣ್ಣು ಎರಡನೆಯದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಎರೆಭೂಮಿಯಲ್ಲಿ ಭತ್ತದ ನಾಟಿ ನಡೆಯುವಾಗ ಕೆಸರುಗಾಲಿಯ ಟ್ರ್ಯಾಕ್ಟರ್‌ಗಳು ಗದ್ದೆಯ ಮಣ್ಣನ್ನು ಡಾಂಬರಿಗೆ ತರುತ್ತವೆ. ಏಕಚಕ್ರದ ಟೈರಿಗೂ ಕವಚಕ್ಕೂ ನಡುವಿನ ಸಂದು ಬೆರಳಗಲದ್ದು. ಅಂಟುವ ಎರೆಮಣ್ಣು ಅಲ್ಲಿ ಸೇರಿ ಒಣಗಿದರೆ ಗಾಲಿ ಬಿಗಿಯುತ್ತದೆ, ಬಿಗಿದಷ್ಟೂ ಮೋಟರಿನ ಉಳಿಕೆ ಕಸುವು ಕರಗುತ್ತದೆ. ಲಿಂಗಸುಗೂರು ಕಡೆಯ ಮಸಾರಿ ನೆಲ, ಕಲ್ಲುದಾರಿ ಅಷ್ಟು ಅಂಟುವುದಿಲ್ಲ, ಆದರೆ ಪಾದಪಟ್ಟಿ ಕಲ್ಲಿಗೆ ತಾಗುವ ಅಂಜಿಕೆ ಅಲ್ಲಿದೆ. ಇನ್ನು ರಸ್ತೆ ಉಬ್ಬು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿದ್ದು ಮೆಲ್ಲಗೆ ಏರಬೇಕು. ಓಣಿಗಳಲ್ಲಿ ಜನರೇ ಹಾಕಿಕೊಳ್ಳುವ ಕಡಿದಾದ ಉಬ್ಬು ಸ್ಕೂಟರಿಗೆ ಒಂದು ಕುಲುಕು, ಏಕಚಕ್ರಕ್ಕೆ ಒಮ್ಮೆಲೆ ಎರಗುವ ಹೊರೆ. ಇಲ್ಲಿ ಶಾಕ್ ಅಬ್ಸಾರ್ಬರ್ ಇರುವ, 16 ಇಂಚಿಗಿಂತ ದೊಡ್ಡ ಗಾಲಿಯ ಮಾದರಿ ಬೇಕೇ ಬೇಕು.

ಈ ಊರುಗಳಲ್ಲಿ ಪಂಪ್‌ಸೆಟ್ ಮೋಟರಿನ ತಾಮ್ರದ ಸುತ್ತು ಬಿಚ್ಚಿ ಹೊಸದಾಗಿ ಸುತ್ತಬಲ್ಲ ಕುಶಲಿಗರಿದ್ದಾರೆ. ಗಾಲಿಯೊಳಗಿನ ಮೋಟರಿನಲ್ಲಿರುವುದೂ ತಾಮ್ರದ ಸುತ್ತೇ. ತೊಡಕಿರುವುದು ನಿಯಂತ್ರಕ ಫಲಕ ಮತ್ತು ಬ್ಯಾಟರಿಯಲ್ಲಿ. ಅವಕ್ಕೆ ಬಿಡಿಭಾಗ, ನಕ್ಷೆ, ತರಬೇತಿ ಇಲ್ಲದೆ ಒಳ್ಳೆಯ ಕೈಗೂ ಏನೂ ಮಾಡಲಾಗದು. ವಿದ್ಯುತ್ ಸ್ಕೂಟರ್ ಮತ್ತು ಆಟೊಗಳಿಗಾಗಿ ಈಗ ತಾಲ್ಲೂಕು ಮಟ್ಟದಲ್ಲಿ ಕಲಿಯುತ್ತಿರುವ ಕೆಲಸ ಮುಂದೆ ಇಂಥ ಚಿಕ್ಕ ವಾಹನಗಳಿಗೂ ಒದಗುತ್ತದೆ.

ಲಿಥಿಯಂ

ಹಟ್ಟಿ-ಮಸ್ಕಿ ಶಿಲಾಪಟ್ಟಿ ಚಿನ್ನಕ್ಕೆ ಹೆಸರಾದದ್ದು. ಈಗ ಇದೇ ಸೀಮೆ ಬ್ಯಾಟರಿಯ ಮೂಲವಸ್ತುವಿಗೂ ಹೆಸರು ಕೇಳಿಸುತ್ತಿದೆ. ಪರಮಾಣು ಖನಿಜ ನಿರ್ದೇಶನಾಲಯ ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಅಂದಾಜಿಸಿದ್ದರೆ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಪ್ರದೇಶದ ಲಿಥಿಯಂ ಕೂಡ ಸರ್ಕಾರದ ಮಾತುಗಳಲ್ಲಿ ಬಂದಿದೆ. ನೆಲದಡಿಯ ಸುಳಿವಿನಿಂದ ಕೋಶದವರೆಗಿನ ಹಾದಿ ದೊಡ್ಡದು. ಅದರ ನಡುವೆ ಅರಣ್ಯ, ನೀರು, ಸಂಸ್ಕರಣೆ ಎಲ್ಲವೂ ಇವೆ.

ಸವೆದ ಬ್ಯಾಟರಿ

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿ ಹಿಂಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕ ಮತ್ತು ಆಮದುದಾರನ ಮೇಲೆ ಹೊರಿಸುತ್ತವೆ. ಮಾರಿದವರು ಊರಲ್ಲಿಲ್ಲದ ಏಕಚಕ್ರದ ಪ್ಯಾಕ್ ಊದಿಕೊಂಡರೆ ಅದು ಗುಜರಿ ಅಂಗಡಿಗೆ ಹೋಗುವ ಸಂಭವವೇ ಹೆಚ್ಚು. ಅಲ್ಲಿ ಸುತ್ತಿಗೆಯ ಒಂದು ಏಟಿಗೆ ಅದು ಹೊತ್ತಿಕೊಳ್ಳಬಲ್ಲದು. ಅಂಥ ಪ್ಯಾಕನ್ನು ಮನೆಯ ಹೊರಗೆ, ಹೊತ್ತಿಕೊಳ್ಳುವ ವಸ್ತುಗಳಿಂದ ದೂರ, ಒಣ ಮರಳಿನ ಮೇಲೆ ಇಟ್ಟು, ಪರವಾನಗಿಯುಳ್ಳ ಮರುಬಳಕೆದಾರರಿಗೇ ಒಪ್ಪಿಸಬೇಕು.