ಬೋಲ್ಟ್

ರೈಫಲ್ಲಿನ ನಳಿಗೆಯ ಹಿಂಬಾಯಿಯನ್ನು ತೆರೆದು ಮುಚ್ಚುವ, ಹಿಡಿಕೆಯುಳ್ಳ ಉಕ್ಕಿನ ದಂಡಕ್ಕೆ ಈ ಹೆಸರು. ಹಳೆಯ ಇಂಗ್ಲಿಷಿನಲ್ಲಿ ಪದದ ಅರ್ಥ ಬಾಣ. ಬಾಗಿಲಿನ ಅಗುಳಿಗೆ ಅದು ಸಂದದ್ದು ಆಮೇಲೆ. ಬಂದೂಕಿಗೆ ಬಂದದ್ದು ಅಗುಳಿಯ ಅರ್ಥವೇ: ಹಿಡಿಕೆ ಎತ್ತಿ ಎಳೆದರೆ ತೆರೆಯುತ್ತದೆ, ತಳ್ಳಿ ಇಳಿಸಿದರೆ ಭದ್ರವಾಗುತ್ತದೆ. 1841ರಲ್ಲಿ ಪ್ರಷ್ಯದ ಸೈನ್ಯ ಒಪ್ಪಿಕೊಂಡ ಡ್ರೈಸೆ ಬಂದೂಕು ಈ ಬಗೆಯ ಮೊದಲಿನವುಗಳಲ್ಲೊಂದು. ಕನ್ನಡದಲ್ಲಿ ನಟ್ಟು-ಬೋಲ್ಟಿನ ಅರ್ಥವೇ ಬಳಕೆಯಲ್ಲಿರುವುದರಿಂದ ಓದುಗರು ಎಡವುವುದುಂಟು.

ಸಂಗ್ರಾಹಕರಿಗೆ ಬೋಲ್ಟ್ ಬೆಲೆ ಕಟ್ಟುವ ಮುಖ್ಯ ಗುರುತು. ಬ್ರಿಟಿಷ್ ಸೈನ್ಯದ ರೈಫಲ್ಲಾದ ಲೀ-ಎನ್‌ಫೀಲ್ಡ್‌ನಲ್ಲಿ ಹಿಡಿಕೆಯ ಬುಡದ ಹಿಂಬದಿಗೆ ಕ್ರಮಸಂಖ್ಯೆ ಒತ್ತಿರುತ್ತದೆ. ಅದು ಬಂದೂಕಿನ ಮೈಮೇಲಿನ ಸಂಖ್ಯೆಗೆ ತಾಳೆಯಾದರೆ ಬೆಲೆ ಏರುತ್ತದೆ. ಹಳೆಯ ಸಂಖ್ಯೆ ಹೊಡೆದುಹಾಕಿ ಹೊಸತು ಒತ್ತಿದ್ದರೆ ಮೋಸವೆಂದೇ ತಿಳಿಯಬೇಕಿಲ್ಲ, ಸೈನ್ಯದ ದುರಸ್ತಿ ಕಾರ್ಯಾಗಾರಗಳೂ ಹಾಗೆ ಮಾಡುತ್ತಿದ್ದವು. ಈ ರೈಫಲ್ಲಿನ ಬೋಲ್ಟಿನ ತಲೆ ಕಳಚುವಂಥದ್ದು, ನಂ. 4 ಮಾದರಿಗೆ 0ಯಿಂದ 3ರವರೆಗೆ ನಾಲ್ಕು ಅಳತೆಯ ತಲೆಗಳಿದ್ದವು, ಹಿಂದಿನ ಮಾದರಿಯ ತಲೆ ಅದಕ್ಕೆ ಹೊಂದದು. ಪಶ್ಚಿಮ ಬಂಗಾಳದ ಇಶಾಪುರದಲ್ಲಿ ಸ್ವಾತಂತ್ರ್ಯಾನಂತರ ತಯಾರಾದ ಬಂದೂಕುಗಳ ಮೇಲೆ ‘ಆರ್.ಎಫ್.ಐ.’ (ರೈಫಲ್ ಫ್ಯಾಕ್ಟರಿ ಇಶಾಪುರ) ಮುದ್ರೆ ಕಾಣುತ್ತದೆ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ‘ಶಸ್ತ್ರ’ ಎಂಬ ಪದ ಬಿಡಿಭಾಗಗಳನ್ನೂ ಒಳಗೊಳ್ಳುತ್ತದೆ; ಹಾಗಾಗಿ ಬಿಡಿ ಬೋಲ್ಟಿಗೂ ಅದು ಅನ್ವಯಿಸುತ್ತದೆ.